ಬಿಸಿಲಿಗೆ ಹಿಡಿಯುವ ಮೊದಲು

ಹಸುಗೂಸಿನ ಕಾಮಾಲೆಯ ವಿಷಯಕ್ಕೆ ಬಂದರೆ ಪ್ರತಿ ಮನೆಯಲ್ಲೂ ತಜ್ಞರಿದ್ದಾರೆ. ಇವತ್ತು ಮಗು ನೋಡಲು ಹೋಗಿದ್ದೆ. ಕೋಣೆ ತುಂಬ ಜನ, ಎಲ್ಲರದ್ದೂ ಒಂದೇ ರಾಗ: "ಎಳೆಬಿಸಿಲಿಗೆ ಹಿಡಿಯಿರಿ, ತಾನಾಗಿ ಹೋಗುತ್ತದೆ."

ಹಳದಿ ಕಂಡದ್ದು ಯಾವಾಗ ಎಂದು ಕೇಳಿದೆ. ಯಾರಿಗೂ ಗೊತ್ತಿಲ್ಲ. ಮೂಲೆಯಲ್ಲಿದ್ದ ಬಾಣಂತಿ ಮಾತ್ರ ಮೆಲ್ಲಗೆ, "ಹಾಲಿಗೂ ಏಳುತ್ತಿಲ್ಲ ಅಕ್ಕ" ಎಂದಳು. ಅವಳ ಮಾತು ಯಾರ ಕಿವಿಗೂ ಬಿದ್ದಿರಲಿಲ್ಲ. ಕಿಟಕಿಯ ಬಳಿ ಮಗುವಿನ ಅಂಗಾಲನ್ನು ಒತ್ತಿ ಬೆರಳು ತೆಗೆದೆ. ಒತ್ತಿದ ಜಾಗವೂ ಹಳದಿ. ನಾನು ನವಜಾತ ಶಿಶುಗಳ ವಾರ್ಡಿನಲ್ಲಿ ನರ್ಸಾಗಿ ಕೂದಲು ನರೆಸಿಕೊಂಡವಳು. ದನಿ ಏರಿತು. ಈಗಲೇ ಆಸ್ಪತ್ರೆಗೆ ಹೊರಡಿ ಎಂದೆ.

"ಬಹಳಷ್ಟು ಮಕ್ಕಳಿಗೆ ಬರುತ್ತದಲ್ಲ, ಯಾಕೆ ಹೆದರಿಸುತ್ತೀರಿ?" ಎಂದು ಒಬ್ಬರು ಮುನಿಸಿಕೊಂಡರು. ಬರುತ್ತದೆ, ನಿಜ. ತಿಂಗಳು ತುಂಬಿ ಹುಟ್ಟಿದವರಲ್ಲಿ ಸುಮಾರು 60%, ಅವಧಿಗೆ ಮೊದಲೇ ಹುಟ್ಟಿದವರಲ್ಲಿ ಸುಮಾರು 80%. ಕೆಂಪು ರಕ್ತಕಣಗಳು ಒಡೆದು ಬರುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಹೊರಹಾಕಲು ಎಳೆಯ ಯಕೃತ್ತಿಗೆ ಇನ್ನೂ ಕೈಲಾಗುವುದಿಲ್ಲ. ಹೆಚ್ಚಿನವರಲ್ಲಿ ಎರಡು ಮೂರನೆಯ ದಿನ ಕಾಣಿಸಿ, ಎರಡು ವಾರದೊಳಗೆ ಇಳಿಯುತ್ತದೆ. ಆದರೆ ಮೊದಲ 24 ಗಂಟೆಯಲ್ಲೇ ಕಂಡರೆ ಅದರ ದಾರಿಯೇ ಬೇರೆ. ತಾಯಿ-ಮಗುವಿನ ರಕ್ತದ ಗುಂಪು ಹೊಂದದೆ ಕಣಗಳು ಒಡೆಯುತ್ತಿರಬಹುದು. ಬಿಲಿರುಬಿನ್ ಮಿತಿ ಮೀರಿ ಮಿದುಳಿಗೆ ಇಳಿದರೆ ಕಿವಿ ಹೋಗಬಹುದು, ಕೈಕಾಲು ಸ್ವಾಧೀನ ತಪ್ಪಬಹುದು. ಬಹಳಷ್ಟು ಮಕ್ಕಳಲ್ಲಿ ತಾನಾಗಿ ಹೋಗುವುದರಿಂದಲೇ ಹೋಗದ ಮಗು ಕಣ್ತಪ್ಪುತ್ತದೆ ಸ್ವಾಮಿ!

ಬಿಸಿಲಿನ ವಕೀಲರಿಗೆ ಇನ್ನೊಂದು ವಾದವಿದೆ: ಕಾಮಾಲೆಗೆ ಆಸ್ಪತ್ರೆಯಲ್ಲಿ ಕೊಡುವ ನೀಲಿ ಬೆಳಕಿನ ಚಿಕಿತ್ಸೆ ಹುಟ್ಟಿದ್ದೇ ಬಿಸಿಲಿನಿಂದ. ಹೌದು, 1950ರ ದಶಕದಲ್ಲಿ ಇಂಗ್ಲೆಂಡಿನ ರೋಚ್‌ಫೋರ್ಡ್ ಆಸ್ಪತ್ರೆಯ ನರ್ಸ್ ಜೀನ್ ವಾರ್ಡ್ ಮಕ್ಕಳನ್ನು ಬಿಸಿಲಿಗೆ ಒಯ್ದಾಗಲೇ ಹಳದಿ ಮಾಸುವುದು ಕಣ್ಣಿಗೆ ಬಿದ್ದದ್ದು. (ನರ್ಸ್ ಎಂಬುದನ್ನು ಬೇಕೆಂದೇ ಒತ್ತಿ ಹೇಳುತ್ತಿದ್ದೇನೆ.) ಆದರೆ ಅಲ್ಲಿನವರು ಬಿಸಿಲನ್ನೇ ನೆಚ್ಚಿ ಕೂರಲಿಲ್ಲ, ದೀಪ ಮಾಡಿಸಿದರು. ದೀಪದ ಬೆಳಕನ್ನು ಅಳೆಯಬಹುದು. ಕಣ್ಣಿಗೆ ಪಟ್ಟಿ ಕಟ್ಟಿ, ಮೈಯೆಲ್ಲ ಬಿಚ್ಚಿ, ಗಂಟೆಗಟ್ಟಲೆ ಮಲಗಿಸಿ, ರಕ್ತ ಪರೀಕ್ಷೆ ಮಾಡುತ್ತ ಹೋಗಬಹುದು. ಬಟ್ಟೆ ಸುತ್ತಿದ ಮಗುವಿನ ಮೂಗಿನ ಮೇಲೆ ಹತ್ತು ನಿಮಿಷ ಬಿಸಿಲು ಬಿದ್ದರೆ ಏನಾಗುತ್ತದೆ? ದೊಡ್ಡವರಿಗೆ ಸಮಾಧಾನವಾಗುತ್ತದೆ.

ಈಗ ಮಗು ನೀಲಿ ಬೆಳಕಿನಡಿ ಇದೆ. ಬಿಸಿಲಿನ ತಜ್ಞರೊಬ್ಬರು ಆಗಲೇ ಫೋನ್ ಮಾಡಿ, ಸಕ್ಕರೆ ನೀರು ಕುಡಿಸಿದರೆ ತೊಳೆದು ಹೋಗುವುದಿಲ್ಲವೇ ಎಂದು ಕೇಳಿದರು. ಹೋಗುವುದಿಲ್ಲ. ಬಿಲಿರುಬಿನ್ ಮುಖ್ಯವಾಗಿ ಹೊರಹೋಗುವುದು ಮಲದಲ್ಲಿ, ಅದಕ್ಕೆ ಬೇಕಾದದ್ದು ಹಾಲು: ದಿನಕ್ಕೆ 8ರಿಂದ 12 ಸಲ, ಮಲಗಿದ್ದರೆ ಎಬ್ಬಿಸಿಯಾದರೂ. ಎರಡು ವಾರ ದಾಟಿಯೂ ಹಳದಿ ಉಳಿದು, ಮಲ ಸುಣ್ಣದಂತೆ ಬಿಳಿಚಿದ್ದರೆ ಪಿತ್ತನಾಳವೇ ಮುಚ್ಚಿರಬಹುದು. ಶಸ್ತ್ರಚಿಕಿತ್ಸೆ ತಡವಾದಷ್ಟೂ ಫಲ ಕಡಿಮೆ. ಆ ಕೋಣೆಯಲ್ಲಿದ್ದವರಲ್ಲಿ ಎಷ್ಟು ಮಂದಿ ಮಲದ ಬಣ್ಣ ನೋಡಿದ್ದರು ಎಂದು ಮಾತ್ರ ನನ್ನನ್ನು ಕೇಳಬೇಡಿ.