ಎಣ್ಣೆ ಹಚ್ಚಿದ ಕಂಬ, ಒರೆಸಿಟ್ಟ ಕಂಬ

ಕಳೆದ ದೀಪಾವಳಿಯ ನರಕ ಚತುರ್ದಶಿಗೆ ಮನೆಯಲ್ಲಿ ಎಲ್ಲರೂ ಎಣ್ಣೆಸ್ನಾನ ಮಾಡಿದೆವು. ಮೆಲ್ಬೋರ್ನ್‌ಗೆ ಬಂದು 11 ವರ್ಷವಾಯಿತು, ಇದೊಂದನ್ನು ನಾನು ತಪ್ಪಿಸಿಲ್ಲ. ತಲೆಗೆ, ಮೈಗೆ, ಅಂಗಾಲಿಗೆ ಬೆಚ್ಚಗಿನ ಎಣ್ಣೆ, ಆಮೇಲೆ ಕಡಲೆಹಿಟ್ಟು ತಿಕ್ಕಿ ಬಿಸಿನೀರು. ಮರುದಿನ ಸಂಜೆ ನನ್ನ ಪೋಲ್ ಡಾನ್ಸ್ ಕ್ಲಾಸ್ ಇತ್ತು. ತಲೆಕೆಳಗಾಗಿ, ಒಂದು ಕಾಲನ್ನು ಕಂಬಕ್ಕೆ ಕೊಕ್ಕೆಯ ಹಾಗೆ ಹಾಕಿ, ಎರಡೂ ಕೈ ಬಿಡುವ ಪಟ್ಟು ಮಾಡುತ್ತಿದ್ದೆ. ತಿಂಗಳುಗಟ್ಟಲೆ ಮಾಡಿದ ಪಟ್ಟೇ. ಅವತ್ತು ಮೊಣಕಾಲ ಹಿಂದಿನ ಚರ್ಮ ಕಂಬವನ್ನು ಹಿಡಿಯಲೇ ಇಲ್ಲ. ಒಂದು ಕೈ ಬಿಟ್ಟಿದ್ದೆ, ಇನ್ನೊಂದನ್ನು ಇನ್ನೂ ಬಿಟ್ಟಿರಲಿಲ್ಲ. ಅದೇ ಪುಣ್ಯ. ಹೆಗಲು ಹೋಗಿ ಮ್ಯಾಟ್‌ಗೆ ಬಡಿಯಿತು.

ಟೀಚರ್ ಓಡಿ ಬಂದರು. ಕೈಕಾಲು ಆಡಿಸಿ ನೋಡಿ ಅಂದರು, ಆಮೇಲೆ ನನ್ನ ಮೊಣಕಾಲ ಹಿಂದೆ ಒಂದು ಬೆರಳು ಎಳೆದರು. "ಮೈಗೆ ಏನು ಹಚ್ಚಿದ್ದೀರಿ?" ಎಂದು ಕೇಳಿದರು. ಕಡಲೆಹಿಟ್ಟಿಗೂ ಬಿಸಿನೀರಿಗೂ ಹೋಗದ ಎಣ್ಣೆ ಒಂದೂವರೆ ದಿನ ಚರ್ಮದೊಳಗೆ ಉಳಿದಿತ್ತು.

ರಾತ್ರಿ ಊರಿಗೆ ಫೋನ್ ಮಾಡಿ ತಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವನು ಚಿಕ್ಕಂದಿನಲ್ಲಿ ಮಲ್ಲಕಂಬ ಆಡಿದವನು. "ಅಕ್ಕಾ, ನಾವು ಎಣ್ಣಿ ಹಚ್ಚಿದ್ರನ ಕಂಬ ಹತ್ತೂದು. ನಿಮ್ಮಲ್ಲಿ ಎಣ್ಣಿ ಹಚ್ಚಿದ್ರ ಬೀಳೂದು. ಎರಡೂ ಕಂಬನ ಅಲ್ಲೇನು?" ಅಂದ.

ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ನಮ್ಮೂರು ಲಕ್ಷ್ಮೇಶ್ವರದ ಹತ್ತಿರ. ಆ ಕಡೆ ಲಕ್ಷ್ಮೇಶ್ವರ, ಬಾಗಲಕೋಟೆ ಹತ್ತಿರದ ತುಳಸಿಗೇರಿ ಮಲ್ಲಕಂಬಕ್ಕೆ ಹೆಸರಾದ ಊರುಗಳು. ನಾನು ಚಿಕ್ಕವಳಿದ್ದಾಗ ತಮ್ಮನ ಮಧ್ಯಾಹ್ನದ ಬುತ್ತಿ ಹಿಡಿದು ಗರಡಿ ಮನೆಯ ಬಾಗಿಲ ತನಕ ಹೋಗುತ್ತಿದ್ದೆ. ಒಳಗೆ ಹೆಣ್ಣುಮಕ್ಕಳು ಕಾಲಿಡುವ ಹಾಗಿರಲಿಲ್ಲ. ಹೊಸ್ತಿಲಿನಿಂದಲೇ ಕೆಮ್ಮಣ್ಣು ಕಾಣುತ್ತಿತ್ತು, ಹನುಮಪ್ಪನ ಫೋಟೋ ಕಾಣುತ್ತಿತ್ತು, ನಡುವೆ ಔಡಲೆಣ್ಣೆ ಕುಡಿದು ಕುಡಿದು ಕಪ್ಪಾದ ಕಂಬ. ಹುಡುಗರು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತುತ್ತಿದ್ದರು. ನಾನೂ ಹತ್ತಬೇಕು ಅಂತ ಅನಿಸುತ್ತಿತ್ತು. ಯಾರಿಗೂ ಹೇಳಲಿಲ್ಲ. 38ನೇ ವಯಸ್ಸಿನಲ್ಲಿ, ಎರಡು ಮಕ್ಕಳಾದ ಮೇಲೆ, ಇಷ್ಟು ದೂರ ಬಂದು ನಾನು ಮೊದಲ ಸಲ ಒಂದು ಕಂಬ ಹತ್ತಿದೆ.

ಎರಡು ಕಂಬಗಳ ಸ್ವಭಾವವೇ ಬೇರೆ. ಮಲ್ಲಕಂಬ ಮರದ್ದು. ಬುಡ ದಪ್ಪ, ಸುತ್ತಳತೆ ಅರ್ಧ ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಮೇಲೆ ಹೋದ ಹಾಗೆ ಸಣ್ಣದಾಗುತ್ತದೆ. ನೆಲದಿಂದ ಎರಡೂವರೆ ಮೀಟರ್ ಮೇಲೆ ಒಂದು ಗುಂಡು ತಲೆ. ಅದನ್ನು ಬೆರಳಲ್ಲಿ ಸುತ್ತಿ ಹಿಡಿಯಲು ಆಗುವುದಿಲ್ಲ. ತೊಡೆ, ಕಂಕುಳು, ಕಾಲ್ಬೆರಳ ಸಂದು, ಹೀಗೆ ಮೈಯೆಲ್ಲ ಕೈಯಾಗಬೇಕು. ಮರ ಒರಟಾದರೆ ಚರ್ಮ ಕಿತ್ತು ಬರುತ್ತದೆ, ಅದಕ್ಕೇ ಔಡಲೆಣ್ಣೆ. ಅದು ಗಟ್ಟಿ ಎಣ್ಣೆ. ಸ್ವಲ್ಪ ಜಾರಿಸುತ್ತದೆ, ಆದರೆ ಅಂಟುತ್ತದೆ ಕೂಡ.

ನಮ್ಮ ಕ್ಲಾಸ್‌ನದು ಲೋಹದ ಕಂಬ. 45 ಮಿಲಿಮೀಟರ್ ದಪ್ಪ, ನೆಲದಿಂದ ಸೂರಿನ ತನಕ. ಹಿಡಿತ ಪೂರ್ತಿ ಒಣ ಚರ್ಮದ್ದು. ಪ್ರತಿ ಸರದಿಗೂ ಮೊದಲು ಸ್ಪಿರಿಟ್ ಹಾಕಿದ ಬಟ್ಟೆಯಿಂದ ಕಂಬ ಒರೆಸುತ್ತೇವೆ. ಸರಿಯಾಗಿ ಒರೆಸಿದರೆ ಬಟ್ಟೆ ಕೀಚ್ ಎನ್ನುತ್ತದೆ, ಆಗ ಬಿಡಬೇಕು. ಜುಲೈ ಚಳಿಯಲ್ಲಿ ಕಂಬ ಮಂಜುಗಡ್ಡೆಯ ಹಾಗಿರುತ್ತದೆ, ಚರ್ಮ ಅಂಟುವುದೇ ಇಲ್ಲ. ಆಗ ಅದನ್ನು ತಬ್ಬಿಕೊಂಡು, ಅಂಗೈ ಉಜ್ಜಿ ಬೆಚ್ಚಗೆ ಮಾಡುತ್ತೇವೆ. ಡಿಸೆಂಬರ್ ಸೆಕೆಯಲ್ಲಿ ಅಂಗೈ ಬೆವರುತ್ತದೆ, ಆಗ ಅಂಗೈಗೆ ಚಾಕ್ ಪುಡಿ. ಹಿತ್ತಾಳೆ ಕಂಬ ಸ್ಟೀಲಿಗಿಂತ ಚೆನ್ನಾಗಿ ಹಿಡಿಯುತ್ತದೆ. ಹೊಸಬರಿಗೆ ನನ್ನ ಮೊದಲ ಮಾತು ಇದೇ: ಕ್ಲಾಸ್ ಇರುವ ದಿನ ಮತ್ತು ಅದರ ಹಿಂದಿನ ದಿನ ಮೈಗೆ ಕ್ರೀಮ್, ಎಣ್ಣೆ ಯಾವುದೂ ಬೇಡ. ಹಬ್ಬದ ಎಣ್ಣೆಸ್ನಾನ ಇದ್ದರೆ ಆ ವಾರ ಕಂಬ ಬಿಟ್ಟು ಮ್ಯಾಟ್ ಮೇಲೆ ಹೊಟ್ಟೆಯ ಕಸರತ್ತು ಮಾಡಿ.

ಬಟ್ಟೆಯ ಮಾತೂ ಇಲ್ಲೇ ಬರುತ್ತದೆ. ತೊಡೆ, ಸೊಂಟದ ಪಕ್ಕ, ಕಂಕುಳು, ಮೊಣಕಾಲ ಹಿಂಭಾಗ ಇವೇ ಕಂಬಕ್ಕೆ ಅಂಟುವ ಜಾಗಗಳು. ಮುಚ್ಚಿದರೆ ಜಾರುತ್ತೀರಿ, ಅಷ್ಟೇ. ಗರಡಿಯ ಹುಡುಗರು ಲಂಗೋಟಿ ಕಟ್ಟುವುದೂ ಇದೇ ಕಾರಣಕ್ಕೆ. ಲಂಗೋಟಿ ನೋಡಿ ನಮ್ಮಲ್ಲಿ ಯಾರೂ ಮುಖ ತಿರುಗಿಸುವುದಿಲ್ಲ. ಹೆಂಗಸಿನ ಶಾರ್ಟ್ಸ್‌ಗೆ ಮಾತ್ರ ತಿರುಗಿಸುತ್ತಾರೆ. ಇದು ನನಗೆ ಇವತ್ತಿಗೂ ನೋವಿನ ವಿಷಯ.

ನಮ್ಮ ಕನ್ನಡ ಬಳಗದಲ್ಲಿ ಒಬ್ಬ ಆಂಟಿ ಪ್ರೀತಿಯಿಂದಲೇ ಕಿವಿಮಾತು ಹೇಳಿದರು. "ನೋಡಮ್ಮಾ, ಯಾರಾದ್ರೂ ಕೇಳಿದ್ರೆ ಮಲ್ಲಕಂಬ ಕಲೀತಿದ್ದೀನಿ ಅಂತ ಹೇಳಿಬಿಡು. ಸಾಕು." ಅವರ ಮನಸ್ಸು ಒಳ್ಳೆಯದೇ. ಆದರೆ ನಾನು ಹಾಗೆ ಹೇಳುವುದಿಲ್ಲ. ಇದೂ ಕೊನೆಗೆ ನಮ್ಮ ಮಲ್ಲಕಂಬವೇ ಅಲ್ವಾ, ನಮ್ಮಿಂದಲೇ ಹೋದದ್ದು ಎನ್ನುವವರೂ ಇದ್ದಾರೆ. ಆ ಮಾತನ್ನೂ ನಾನು ಒಪ್ಪುವುದಿಲ್ಲ. ಮಲ್ಲಕಂಬದ ಬೇರು ಕುಸ್ತಿಯಲ್ಲಿದೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸ ಮೂರನೇ ಸೋಮೇಶ್ವರ ಬರೆಸಿದ ಮಾನಸೋಲ್ಲಾಸದಲ್ಲಿ ಅದರ ಉಲ್ಲೇಖವಿದೆ. ಆ ಕಲ್ಯಾಣ ಎಂದರೆ ನಮ್ಮ ಬಸವಕಲ್ಯಾಣ. ಆಮೇಲೆ ಪೇಶ್ವೆ ಎರಡನೇ ಬಾಜಿರಾಯನ ಕಾಲದಲ್ಲಿ ಬಾಳಂಭಟ್ಟ ದಾದಾ ದೇವಧರ್ ಅದಕ್ಕೆ ಮರುಜೀವ ಕೊಟ್ಟರು. ಈಗಿನ ಪೋಲ್ ಡಾನ್ಸ್ ಬೆಳೆದದ್ದು ಬಟ್ಟೆ ಕಳಚುತ್ತಾ ಕುಣಿಯುವ ಸ್ಟ್ರಿಪ್ ಕ್ಲಬ್ಬುಗಳಲ್ಲಿ. ರಾತ್ರಿ ಕುಣಿದು ಹೊಟ್ಟೆ ಹೊರೆಯುತ್ತಿದ್ದ ಹೆಂಗಸರು ಈ ಪಟ್ಟುಗಳನ್ನು ಒಂದೊಂದಾಗಿ ಕಂಡುಹಿಡಿದರು. ಕೆನಡಾದ ಫಾನಿಯಾ ಮಾಂಡಿ 1994ರಲ್ಲಿ ಹೊರಗಿನವರಿಗೂ ಕಲಿಸಲು ಶುರು ಮಾಡಿದರು. 2009ರಲ್ಲಿ ಅಂತರರಾಷ್ಟ್ರೀಯ ಪೋಲ್ ಸ್ಪೋರ್ಟ್ಸ್ ಫೆಡರೇಷನ್ ಹುಟ್ಟಿತು, ಅಂಕ ಕೊಡುವ ನಿಯಮಗಳು ಬಂದವು. ಇಷ್ಟೆಲ್ಲ ಆದ ಮೇಲೆ "ನಾನು ಸ್ಟ್ರಿಪ್ಪರ್ ಅಲ್ಲ" ಅಂತ ಇನ್‌ಸ್ಟಾಗ್ರಾಮ್‌ನಲ್ಲಿ ಹ್ಯಾಷ್‌ಟ್ಯಾಗ್ ಹಾಕಿಕೊಂಡವರು ಇದ್ದರು. ಕ್ಲಬ್ಬಿನ ಹೆಂಗಸರಿಗೆ ಅದು ಎಷ್ಟು ನೋವು ಕೊಟ್ಟಿರಬೇಕು! ಕಲಿಸಿದವರ ಹೆಸರು ಹೇಳಲು ನಾಚಿಕೊಂಡು ಅವರ ಪಟ್ಟು ಮಾತ್ರ ತೆಗೆದುಕೊಳ್ಳುವುದು ತಪ್ಪು. ಗರಡಿಯಲ್ಲಿ ಕಂಬ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ನೋಡಿ ಬೆಳೆದವಳು ನಾನು, ಇದನ್ನು ಬೇರೆಯವರು ಹೇಳಿಕೊಡಬೇಕಿಲ್ಲ.

ಇನ್ನು ಕಲಿಸುವ ರೀತಿ. ನನ್ನ ಮನಸ್ಸಲ್ಲಿ ಬಹಳ ದಿನದಿಂದ ಇರುವುದು ಇದೇ.

ಗರಡಿಯಲ್ಲಿ ಆರೇಳು ವರ್ಷದ ಹುಡುಗರನ್ನು ತೆಗೆದುಕೊಳ್ಳುತ್ತಾರೆ. ದೊಡ್ಡ ಹುಡುಗ ಮಾಡುತ್ತಾನೆ, ಸಣ್ಣವನು ನೋಡಿ ಮಾಡುತ್ತಾನೆ. ಮಾತು ಕಡಿಮೆ. ಮಗುವಿನ ಮೈ ಹಗುರ, ಬೇಗ ಬಗ್ಗುತ್ತದೆ, ಹೆದರಿಕೆ ಇಲ್ಲ. ಆ ವಯಸ್ಸಿಗೆ ಅದು ಸರಿಯೇ. ಆದರೆ ಹದಿನೇಳು ಹದಿನೆಂಟಕ್ಕೆ ಸ್ಪರ್ಧೆ ಮುಗಿಯಿತು, ಕಂಬವೂ ಮುಗಿಯಿತು. ನನ್ನ ತಮ್ಮನಿಗೆ ಈಗ 36. ಇಪ್ಪತ್ತು ವರ್ಷದಿಂದ ಕಂಬ ಮುಟ್ಟಿಲ್ಲ. ಎಲ್ಲ ಪಟ್ಟುಗಳನ್ನೂ ಬಲಗಡೆಯೇ ಮಾಡಿದವನು, ಈಗ ಬಲ ಹೆಗಲು ಕಿವಿಯ ತನಕ ಏಳುವುದಿಲ್ಲ.

ನಮ್ಮ ಕ್ಲಾಸ್‌ನಲ್ಲಿ 12 ಜನ, 6 ಕಂಬ. ಒಬ್ಬರು ನರ್ಸ್, ಒಬ್ಬರು ಟ್ರ್ಯಾಮ್ ಓಡಿಸುವವರು, ಇಬ್ಬರು ಗಂಡಸರು, 61 ವರ್ಷದ ನಿವೃತ್ತ ಟೀಚರ್ ಒಬ್ಬರು. ಯಾರೂ ಮಕ್ಕಳಲ್ಲ. ಮೈ ಭಾರ ಇದೆ, ಹೆದರಿಕೆ ಇದೆ, ಮಾರನೇ ದಿನ ಕೆಲಸಕ್ಕೆ ಹೋಗಬೇಕು. ಅದಕ್ಕೆ ಪಾಠವೂ ದೊಡ್ಡವರ ಪಾಠ.

ತಲೆಕೆಳಗಾಗುವುದನ್ನೇ ತೆಗೆದುಕೊಳ್ಳಿ. ಅದನ್ನು ಇನ್ವರ್ಟ್ ಎನ್ನುತ್ತಾರೆ. ನೋಡಿದವರಿಗೆ ಕಾಲು ಬೀಸಿ ಮೇಲೆ ಹಾಕಿದರೆ ಆಯಿತು ಅನಿಸುತ್ತದೆ. ಬೀಸಬಾರದು. ಬೀಸಿದರೆ ಮೈಯ ಭಾರವೆಲ್ಲ ಸಡಿಲ ಹೆಗಲಿಗೆ ಜಗ್ಗುತ್ತದೆ. ನಾನು ಕಾಲು ಎತ್ತುವ ಮೊದಲು ನಾಲ್ಕು ತಿಂಗಳು ಹೆಗಲು ಕಲಿತೆ. ಕಂಬ ಹಿಡಿದು ಸುಮ್ನೆ ನೇತಾಡುವುದು, ಆಮೇಲೆ ಮೊಣಕೈ ಮಡಿಸದೆ ಹೆಗಲನ್ನು ಕಿವಿಯಿಂದ ಕೆಳಕ್ಕೆ ಎಳೆಯುವುದು. ಎರಡೇ ಇಂಚಿನ ಚಲನೆ. ಅದು ಬಂದ ಮೇಲೆ ಕಂಬವನ್ನು ಎದೆಯ ಪಕ್ಕಕ್ಕೆ ಒತ್ತಿ ಹಿಡಿದು, ಮೊಣಕಾಲು ಹೊಟ್ಟೆಗೆ ಮಡಿಸಿ, ಐದು ಎಣಿಸುವ ತನಕ ನಿಲ್ಲಬೇಕು. ಆಮೇಲೆ ಸೊಂಟ ಮೇಲೆ ಬರುತ್ತದೆ, ತಲೆ ತಾನಾಗಿ ಹಿಂದೆ ಹೋಗುತ್ತದೆ, ಕೊನೆಗೆ ಕಾಲು ಬಿಚ್ಚುತ್ತೀರಿ. ಇಳಿಯುವುದು ಇನ್ನೂ ನಿಧಾನ. ನನಗೆ ಜಾಸ್ತಿ ಬಲ ಬಂದದ್ದು ಇಳಿಯುವುದರಲ್ಲೇ.

ಎಡಗಡೆ ಮೊದಲು, ಬಲಗಡೆ ಆಮೇಲೆ. ಬಾರದ ಕಡೆಗೆ ಒಂದು ಸಲ ಜಾಸ್ತಿ. ಈ ಒಂದು ಅಭ್ಯಾಸವನ್ನು ನಮ್ಮ ಗರಡಿಗಳು ಇವತ್ತೇ ತೆಗೆದುಕೊಳ್ಳಬೇಕು ಅಂತ ನಾನು ಕೈಮುಗಿದು ಕೇಳುತ್ತೇನೆ. ಮಣಿಕಟ್ಟು ಬಿಸಿ ಮಾಡದೆ ಕಂಬ ಮುಟ್ಟಬೇಡಿ. ವಾರಕ್ಕೆ ಎರಡು ಸಲ ಸಾಕು, ನಡುವೆ ಎರಡು ದಿನ ಬಿಡಿ. ಮೊಣಕೈ ಒಳಗೆ ಸೂಜಿ ಚುಚ್ಚಿದ ಹಾಗಾದರೆ ಅದು ಮುಂಗೈ ಸ್ನಾಯುಗಳು ದಣಿದ ಗುರುತು, ಆ ವಾರ ನೆಲದ ಮೇಲಿನ ಕುಣಿತ ಮಾತ್ರ ಮಾಡಿ. ತಿರುಗುವ ಕಂಬವಾದರೆ ಕೈಕಾಲು ಒಳಗೆ ಎಳೆದಷ್ಟು ವೇಗ ಏರುತ್ತದೆ, ಚಾಚಿದರೆ ಇಳಿಯುತ್ತದೆ. ತಲೆ ಸುತ್ತಿದರೆ ನಿಮ್ಮದೇ ಕೈ ನೋಡಿ. ತೊಡೆಯ ಒಳಗೆ ನೀಲಿ ಕಲೆ ಬೀಳುತ್ತವೆ, ಮೊದಲ ತಿಂಗಳು ಜಾಸ್ತಿ, ಆಮೇಲೆ ಚರ್ಮ ಒಗ್ಗಿಕೊಳ್ಳುತ್ತದೆ.

ಟೀಚರ್ ಆಧಾರ ಕೊಡುವ ಮೊದಲು "ಹಿಡಿಯಲಾ?" ಎಂದು ಕೇಳುತ್ತಾರೆ. ಮೂರು ವರ್ಷದಿಂದ ಗೊತ್ತಿರುವವರನ್ನೂ ಪ್ರತಿ ಸಲ ಕೇಳುತ್ತಾರೆ. ಮೊದಲ ದಿನ ಇದು ನನಗೆ ವಿಚಿತ್ರ ಅನಿಸಿತು. ನಮ್ಮಲ್ಲಿ ಗುರುವಿನ ಕೈ ಕೇಳದೆಯೇ ಬರುತ್ತದೆ, ಕೆಲವೊಮ್ಮೆ ಬೆತ್ತವೂ ಬರುತ್ತದೆ. ಈಗ ಅನಿಸುತ್ತದೆ, ಆ ಒಂದು ಪ್ರಶ್ನೆ ಇದ್ದಿದ್ದರೆ ಎಷ್ಟು ಹುಡುಗಿಯರನ್ನು ಅಪ್ಪ ಅವ್ವ ಧೈರ್ಯವಾಗಿ ಕಳಿಸುತ್ತಿದ್ದರೋ.

ಇಲ್ಲಿಯದೆಲ್ಲ ಚಿನ್ನ ಎನ್ನುತ್ತಿಲ್ಲ. ಒಂದು ಕ್ಲಾಸ್‌ಗೆ ನಾನು ಸುಮಾರು 30 ಡಾಲರ್ ಕೊಡುತ್ತೇನೆ. ಕೊಡಲಾಗದೆ ಬಿಟ್ಟವರನ್ನು ನೋಡಿದ್ದೇನೆ. ತಮ್ಮನ ಗುರುಗಳು ಒಂದು ರೂಪಾಯಿ ಮುಟ್ಟಲಿಲ್ಲ. ವರ್ಷಕ್ಕೊಮ್ಮೆ ಪೂಜೆಗೆ ಒಂದು ತೆಂಗಿನಕಾಯಿ, ಅಷ್ಟೇ. ಕೂಲಿಯವರ ಮಕ್ಕಳು, ಶೆಟ್ಟರ ಮಕ್ಕಳು ಒಂದೇ ಕಂಬ ಹತ್ತಿದರು. ಅಂಥ ಗುರುಗಳಿಗೆ ಸ್ಟುಡಿಯೋ ಬೇಕಾಗಿಲ್ಲ. ಇಲ್ಲಿ ಕೆಲವರು ಒಂದು ಪಟ್ಟು ಬಂದ ಕೂಡಲೇ ಮೊಬೈಲ್ ನಿಲ್ಲಿಸಿ ವಿಡಿಯೋ ಮಾಡಿ ಮುಂದಿನದಕ್ಕೆ ಹಾರುತ್ತಾರೆ. ಗರಡಿಯಲ್ಲಿ ಒಂದೇ ಪಟ್ಟನ್ನು ವರ್ಷವಿಡೀ ತಿದ್ದುತ್ತಿದ್ದರು. ಅದರ ಬೆಲೆ ನನಗೆ ಇಲ್ಲಿ ಬಂದ ಮೇಲೆ ಗೊತ್ತಾಯಿತು.

ಆದರೆ ಟರ್ಮ್ ಮುಗಿದಾಗ ನಡೆಯುವ ಸಣ್ಣ ಪ್ರದರ್ಶನವನ್ನು ನೀವು ನೋಡಬೇಕು. ಹೋದ ಸಲ ಆ 61ರ ಟೀಚರ್ ಮೊದಲ ಬಾರಿ ಸೂರು ಮುಟ್ಟಿದರು. ಬರೀ ಹತ್ತಿದ್ದು, ಬೇರೆ ಪಟ್ಟಿಲ್ಲ. ಒಂದು ಪಾದ ಮಡಿಸಿ ಕಂಬಕ್ಕೆ ಒತ್ತಿ, ಇನ್ನೊಂದು ಮೊಣಕಾಲಲ್ಲಿ ಅವುಚಿ, ಮೂರು ಎಟುಕು. ಮೇಲೆ ಅಂಗೈಯಿಂದ ಸೂರನ್ನು ಒಮ್ಮೆ ತಟ್ಟಿದರು. ಕೆಳಗೆ ನಾವು ಹನ್ನೊಂದು ಜನ ಗಂಟಲು ಹರಿಯುವ ಹಾಗೆ ಕೂಗಿದೆವು. ಅವರ ಮೊಮ್ಮಗಳೂ ಕೂಗಿದಳು. ನನಗೆ ನನ್ನ ಅವ್ವ ನೆನಪಾದಳು. ಅವಳು ಇಡೀ ಜೀವನ ನೀರು ಹೊತ್ತಳು, ಕಟ್ಟಿಗೆ ಹೊತ್ತಳು. ಅಷ್ಟು ಬಲವಿದ್ದ ತೋಳು ಅವಳ ಖುಷಿಗೆ ಒಂದು ಸಲವೂ ಏನನ್ನೂ ಹತ್ತಲಿಲ್ಲ.

ಈಗ ನಮ್ಮ ಕಡೆ ಹುಡುಗಿಯರೂ ಮಲ್ಲಕಂಬ ಆಡುತ್ತಾರೆ, ಹಗ್ಗದ ಮೇಲೂ ಆಡುತ್ತಾರೆ. 2019ರಲ್ಲಿ ಮುಂಬೈನಲ್ಲಿ ಮಲ್ಲಕಂಬದ ಮೊದಲ ವಿಶ್ವ ಚಾಂಪಿಯನ್‌ಶಿಪ್ ಆಯಿತು. ಅಲ್ಲಿ ಹತ್ತಾರು ವರ್ಷ ಮಕ್ಕಳಿಗೆ ಕಲಿಸಿದ ಉದಯ್ ದೇಶಪಾಂಡೆ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ನನಗೆ ಹೆಮ್ಮೆ. ಆದರೆ ಪದಕದ ವಯಸ್ಸು ದಾಟಿದವರಿಗೂ ಒಂದು ಹೊತ್ತು ಬೇಕು. ಮನೆ ಕೆಲಸ ಮುಗಿಸಿದ ಹೆಂಗಸಿಗೆ, ಸಕ್ಕರೆ ಕಾಯಿಲೆ ಶುರುವಾದ ಗಂಡಸಿಗೆ, ನನ್ನ ತಮ್ಮನಂಥ ಹಳೆಯ ಆಟಗಾರನಿಗೆ. ಕಂಬ ಹೇಗೂ ಅಲ್ಲೇ ಇದೆ, ದಿನದ ಮುಕ್ಕಾಲು ಪಾಲು ಖಾಲಿಯೇ ಇರುತ್ತದೆ.

ಡಿಸೆಂಬರ್‌ನಲ್ಲಿ ಊರಿಗೆ ಹೋಗುತ್ತಿದ್ದೇನೆ. ತಮ್ಮ ಗುರುಗಳನ್ನು ಕೇಳಿದ್ದಾನೆ. ಭಾನುವಾರ ಬೆಳಿಗ್ಗೆ ಐದೂವರೆಗೆ, ಹುಡುಗರು ಬರುವ ಮೊದಲು, ಒಂದು ತಾಸು ಕೊಡುತ್ತೇನೆ ಎಂದಿದ್ದಾರೆ. ತಮ್ಮನ ಹೆಂಡತಿ ಬರುತ್ತಾಳೆ, ಅವಳ ಜೊತೆ ಓಣಿಯ ಇಬ್ಬರು. ನಾನು ಔಡಲೆಣ್ಣೆಯ ಕಂಬ ಹತ್ತುವುದನ್ನು ಗುರುಗಳಿಂದ ಕಲಿಯುತ್ತೇನೆ, ಹೆಗಲಿನ ಪಾಠ ನಾನು ಅವರಿಗೆ ಹೇಳಿಕೊಡುತ್ತೇನೆ. ಮ್ಯಾಟ್ ಇದೆಯಾ ಎಂದು ತಮ್ಮನನ್ನು ಕೇಳಿದೆ.

"ಮ್ಯಾಟ್ ಹರದು ಹೋಗೇತಿ ಅಕ್ಕಾ," ಅಂದ. "ಮನ್ಯಾಗಿನ ಎರಡು ಗಾದಿ ಹೊತ್ಕೊಂಡು ಬರ್ತೀನಿ, ನೀ ಚಿಂತಿ ಮಾಡಬ್ಯಾಡ."