ಸಹಿ ಒಬ್ಬರದು, ತೀರುವಳಿ ಇನ್ನೊಬ್ಬರದು

1818ರಲ್ಲಿ, ತಮಗೆ 75 ವರ್ಷವಾಗಿದ್ದಾಗ, ಅಮೆರಿಕದ ಮಾಜಿ ಅಧ್ಯಕ್ಷ ಥಾಮಸ್ ಜೆಫರ್ಸನ್ ತಮ್ಮ ಬೀಗರೊಬ್ಬರ ಎರಡು ಪ್ರೋನೋಟುಗಳ ಬೆನ್ನಿಗೆ ಜಾಮೀನುದಾರರಾಗಿ ಸಹಿ ಹಾಕಿದರು. ಒಂದೊಂದೂ 10,000 ಡಾಲರಿನದು. ಆ ಬೀಗರು ವಿಲ್ಸನ್ ಕ್ಯಾರಿ ನಿಕೋಲಸ್. ವರ್ಜೀನಿಯಾದ ಗವರ್ನರ್ ಆಗಿದ್ದವರು, ಮತ್ತು ಅವರ ಮಗಳು ಜೆಫರ್ಸನ್ನರ ಮೊಮ್ಮಗನ ಹೆಂಡತಿ. ಅಂಥವರು ಬಾಯಿಬಿಟ್ಟು ಕೇಳಿದಾಗ ಆಗದೆನ್ನುವುದು ಆ ಜಮೀನ್ದಾರರ ನಡುವೆ ಹೆಚ್ಚುಕಡಿಮೆ ಸಂಬಂಧ ಮುರಿದುಕೊಂಡಂತೆ. ಮರುವರ್ಷವೇ, 1819ರ ಆರ್ಥಿಕ ಕುಸಿತದಲ್ಲಿ, ನಿಕೋಲಸ್ ದಿವಾಳಿಯಾದರು. 1820ರ ಅಕ್ಟೋಬರಿನಲ್ಲಿ ಅಳಿಯನ ಮನೆಯಲ್ಲಿಯೇ ತೀರಿಕೊಂಡ ಅವರನ್ನು ಮಣ್ಣು ಮಾಡಿದ್ದು ಜೆಫರ್ಸನ್ನರ ಎಸ್ಟೇಟು ಮಾಂಟಿಸೆಲ್ಲೊದ ಕುಟುಂಬ ಸ್ಮಶಾನದಲ್ಲಿ. 20,000 ಡಾಲರ್ ಅಸಲು, ವರ್ಷಕ್ಕೆ 1,200 ಡಾಲರ್ ಬಡ್ಡಿ, ಎರಡೂ ಮೊದಲೇ ಸಾಲದಲ್ಲಿ ಮುಳುಗಿದ್ದ ಮುದುಕರ ತಲೆಯ ಮೇಲೆ ಬಿದ್ದವು.

ಅಮೆರಿಕದ ಆರಂಭಕಾಲದ ದೊಡ್ಡ ಹಿಡುವಳಿದಾರರ ಸಾಲಗಳ ಬಗ್ಗೆ ಬಂದ ಬರಹಗಳನ್ನು ಕೆಲವು ವರ್ಷಗಳಿಂದ ಓದುತ್ತ ಬಂದಿದ್ದೇನೆ. ಈ ಕಥೆಯನ್ನು ಸಾಮಾನ್ಯವಾಗಿ ಎರಡು ಧಾಟಿಗಳಲ್ಲಿ ಹೇಳುತ್ತಾರೆ. ಒಂದು ಧಾಟಿಯಲ್ಲಿ ಇವರು ದುಂದುಗಾರರು: ಫ್ರಾನ್ಸಿನಿಂದ ವೈನು ತರಿಸಿದವರು, ಕಟ್ಟಿದ ಮನೆಯನ್ನೇ ಕೆಡವಿ ಮತ್ತೆ ಕಟ್ಟಿದವರು. ಇನ್ನೊಂದರಲ್ಲಿ ಇವರು ಲಂಡನ್ನಿನ ವರ್ತಕರ ಬಲೆಗೆ ಬಿದ್ದ ಬಡಪಾಯಿಗಳು. ಎರಡರಲ್ಲಿಯೂ ಒಂದಿಷ್ಟು ಸತ್ಯವಿದೆ. ಆದರೆ ಎರಡೂ ಧಾಟಿಯವರು ಸಾಲ ಮಾಡಿದವರು ಮತ್ತು ಸಾಲ ಕೊಟ್ಟವರ ಮುಖವನ್ನಷ್ಟೇ ನೋಡುತ್ತಾರೆ. ಅಡಮಾನವಾಗಿ ನಿಂತವರು ಯಾರು ಎಂಬ ಪ್ರಶ್ನೆ ಅಡಿಟಿಪ್ಪಣಿಗೆ ಸರಿದುಬಿಡುತ್ತದೆ, ಮತ್ತು ನನ್ನ ತಕರಾರು ಇರುವುದು ಅದರ ಬಗ್ಗೆಯೇ.

ಮೊದಲು ಸಾಲಪತ್ರವೆಂಬುದು ಹೇಗಿತ್ತೆಂದು ನೋಡೋಣ. ವರ್ತಕನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟ ಸಾಲಕ್ಕೆ ನ್ಯಾಯಾಲಯದಲ್ಲಿ ಅಷ್ಟು ತೂಕವಿರಲಿಲ್ಲ. ಆದ್ದರಿಂದ ಬಾಕಿ ಬೆಳೆದಂತೆಲ್ಲ ವರ್ತಕರು ಅದನ್ನು ಬಾಂಡಿಗೆ ಬದಲಾಯಿಸಿಕೊಡಿ ಎಂದು ಒತ್ತಾಯಿಸುತ್ತಿದ್ದರು. ಬಾಂಡಿನ ರಚನೆ ವಿಚಿತ್ರವಾದದ್ದು. 500 ಪೌಂಡ್ ಸಾಲ ಪಡೆದವನು, ತಾನು 1,000 ಪೌಂಡಿಗೆ ಬದ್ಧನೆಂದು ಸಾಕ್ಷಿಗಳ ಎದುರು ಸಹಿ ಮಾಡಿ ಮುದ್ರೆ ಒತ್ತುತ್ತಿದ್ದ. ಅದರ ಕೆಳಗೆ, ಇಂಥ ದಿನದೊಳಗೆ 500 ಪೌಂಡನ್ನೂ ಬಡ್ಡಿಯನ್ನೂ ಕೊಟ್ಟರೆ ಈ ಪತ್ರ ರದ್ದು, ಇಲ್ಲವಾದರೆ ಪೂರ್ಣ ಬಲದಲ್ಲಿ ಊರ್ಜಿತ ಎಂಬ ಷರತ್ತು. ಪತ್ರ ಬದ್ಧಗೊಳಿಸುತ್ತಿದ್ದುದು ಅವನೊಬ್ಬನನ್ನೇ ಅಲ್ಲ, ಅವನ ವಾರಸುದಾರರನ್ನೂ ಮರಣಾನಂತರ ಅವನ ಆಸ್ತಿ ನೋಡಿಕೊಳ್ಳುವವರನ್ನೂ ಸೇರಿಸಿ. ನಾಣ್ಯದ ಅಭಾವವಿದ್ದ ಆ ನಾಡಿನಲ್ಲಿ ಇಂಥ ಪತ್ರಗಳು ಬೆನ್ನಿಗೊಂದು ಸಹಿ ಪಡೆದು ಕೈಯಿಂದ ಕೈಗೆ ದಾಟುತ್ತಿದ್ದವು. ನೆರೆಯವನಿಗೆ ಬರೆದುಕೊಟ್ಟ ಪತ್ರ ಮುಖಪರಿಚಯವೇ ಇಲ್ಲದ ಯಾರದೋ ಪೆಟ್ಟಿಗೆಯಲ್ಲಿ ಹೋಗಿ ಕೂರುವುದು ಮಾಮೂಲಿನ ಮಾತಾಗಿತ್ತು.

ಸಾಲದ ಬುಡದಲ್ಲಿದ್ದದ್ದು ತಂಬಾಕು. ಜಮೀನ್ದಾರರು ಬೆಳೆಯನ್ನು ಲಂಡನ್ನಿನ ಮಂಡಿಗೆ ಕಳುಹಿಸುವರು. ಮಂಡಿಯವನು ತನಗೆ ಸಿಕ್ಕ ಬೆಲೆಗೆ ಮಾರಿ, ಸಾಗಣೆ, ಸುಂಕ, ದಲಾಲಿಗಳನ್ನು ಮುರಿದುಕೊಂಡು, ಉಳಿದದ್ದಕ್ಕೆ ಇವರು ಪಟ್ಟಿ ಮಾಡಿ ಕೇಳಿದ ಬಟ್ಟೆ, ಗಾಡಿ, ಪೀಠೋಪಕರಣಗಳನ್ನು ಕಳಿಸುವನು. ಬೆಲೆ ಬಿದ್ದ ವರ್ಷ ಬಾಕಿ ಮುಂದಿನ ವರ್ಷಕ್ಕೆ. ಜಾರ್ಜ್ ವಾಷಿಂಗ್ಟನ್ನರಿಗೂ ರಾಬರ್ಟ್ ಕ್ಯಾರಿ ಕಂಪನಿಯೊಂದಿಗೆ ಇದೇ ಅನುಭವ. ಅವರು 1760ರ ದಶಕದಲ್ಲಿ ತಂಬಾಕನ್ನು ಬಿಟ್ಟು ಗೋಧಿಗೆ ತಿರುಗಿ ಆ ಹಗ್ಗದಿಂದ ಬಹುಮಟ್ಟಿಗೆ ಬಿಡಿಸಿಕೊಂಡರು. ಆದರೂ 1789ರಲ್ಲಿ, ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಲು ನ್ಯೂಯಾರ್ಕಿಗೆ ಹೊರಡುವ ಮೊದಲು, ಅಲೆಕ್ಸಾಂಡ್ರಿಯಾದ ರಿಚರ್ಡ್ ಕಾನ್‌ವೇ ಎಂಬವರಿಂದ ಅವರು ಕೈಸಾಲ ಕೇಳಬೇಕಾಯಿತು. ಸಾವಿರಾರು ಎಕರೆಯ ಒಡೆಯನ ಕೈಯಲ್ಲಿ ದಾರಿಖರ್ಚಿಗೆ ಕಾಸಿಲ್ಲ. ಭೂಮಿ ಇತ್ತು, ನಗದು ಇರಲಿಲ್ಲ. ನಮ್ಮಲ್ಲಿಯೂ ಜಮೀನಿರುವ ಮನೆತನದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜೆಫರ್ಸನ್ನರ ಸಾಲದ ದೊಡ್ಡ ಪಾಲು ಬಂದದ್ದು ಮಾವನ ಮನೆಯಿಂದ. ಮಾವ ಜಾನ್ ವೇಲ್ಸ್ 1773ರಲ್ಲಿ ತೀರಿಕೊಂಡರು. ಅವರು ಸ್ವತಃ ಇಂಗ್ಲೆಂಡಿನ ಬ್ರಿಸ್ಟಲ್ಲಿನ ಫ್ಯಾರೆಲ್ ಆ್ಯಂಡ್ ಜೋನ್ಸ್ ಎಂಬ ಸಂಸ್ಥೆಯ ಪರವಾಗಿ ವರ್ಜೀನಿಯಾದಲ್ಲಿ ಸಾಲ ವಸೂಲಿ ಮಾಡಿಕೊಡುತ್ತಿದ್ದ ವಕೀಲರು, ಮತ್ತು ಅದೇ ಸಂಸ್ಥೆಗೆ ದೊಡ್ಡ ಬಾಕಿ ಉಳಿಸಿ ಹೋದವರು. ಮೂವರು ಅಳಿಯಂದಿರು ಸಾಲ ತೀರುವವರೆಗೆ ಕಾಯದೆ ಆಸ್ತಿಯನ್ನು ಹಂಚಿಕೊಂಡರು. ಹಾಗೆ ಮಾಡಿದ್ದರಿಂದ ಸತ್ತವನ ಸಾಲ ಬದುಕಿದ್ದವರ ಸ್ವಂತ ಸಾಲವಾಯಿತು. ಜೆಫರ್ಸನ್ ಒಂದಿಷ್ಟು ಜಮೀನು ಮಾರಿದರು, ಕೊಂಡವರಿಂದ ಬಾಂಡು ಬರೆಸಿಕೊಂಡರು. ಅಷ್ಟರಲ್ಲಿ ಬ್ರಿಟನ್ ವಿರುದ್ಧದ ಸ್ವಾತಂತ್ರ್ಯ ಯುದ್ಧ ಬಂತು. ಕಾಗದದ ಹಣದ ಬೆಲೆ ಪಾತಾಳಕ್ಕಿಳಿಯಿತು, ಮತ್ತು ಆ ಹಣ ಕೈಸೇರುವ ಹೊತ್ತಿಗೆ ಅದಕ್ಕೆ ಓಕ್ ಮರದ ಎಲೆಯ ಬೆಲೆಯೂ ಇರಲಿಲ್ಲವೆಂದು ಅವರೇ ಬರೆದುಕೊಂಡರು. ಬ್ರಿಟಿಷ್ ಸಾಲವನ್ನು ಕಾಗದದ ಹಣದಲ್ಲಿ ಸರ್ಕಾರದ ಸಾಲ ಕಚೇರಿಗೆ ಕಟ್ಟಿ ಕೈತೊಳೆದುಕೊಳ್ಳಬಹುದೆಂದು ವರ್ಜೀನಿಯಾ 1777ರಲ್ಲಿ ಕಾನೂನು ಮಾಡಿತ್ತು. ಅನೇಕರು ಹಾಗೆಯೇ ಕಟ್ಟಿದರು, ಜೆಫರ್ಸನ್ನರೂ ಕಟ್ಟಿದರು. ಅದು ನಿಲ್ಲಲಿಲ್ಲ. ಸಾಲಗಳನ್ನು ಪೂರ್ಣ ಸ್ಟರ್ಲಿಂಗ್ ಮೌಲ್ಯದಲ್ಲಿ ವಸೂಲು ಮಾಡಲು ಅಡ್ಡಿಯಿರಬಾರದೆಂದು ಆ ಯುದ್ಧವನ್ನು ಮುಗಿಸಿದ 1783ರ ಪ್ಯಾರಿಸ್ ಒಪ್ಪಂದದ ನಾಲ್ಕನೆಯ ವಿಧಿ ಹೇಳಿತು, 1796ರಲ್ಲಿ ಸುಪ್ರೀಂ ಕೋರ್ಟು ವೇರ್ ಮತ್ತು ಹಿಲ್ಟನ್ ನಡುವಿನ ಮೊಕದ್ದಮೆಯಲ್ಲಿ ಅದನ್ನೇ ಎತ್ತಿಹಿಡಿಯಿತು. ಸಾಲಗಾರರ ಪರ ವಾದಿಸಿ ಸೋತ ವಕೀಲ ಜಾನ್ ಮಾರ್ಷಲ್. ಐದು ವರ್ಷಗಳ ನಂತರ ಅದೇ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು.

ಈ ಅವಧಿಯಲ್ಲಿಯೇ, 1786ರಲ್ಲಿ, ಜೆಫರ್ಸನ್ ಬರೆದ ಒಂದು ವಾಕ್ಯ ನನ್ನನ್ನು ಬಿಡದೆ ಕಾಡುತ್ತದೆ. ಈ ಸಾಲಗಳು ತಂದೆಯಿಂದ ಮಗನಿಗೆ ತಲೆಮಾರುಗಳುದ್ದಕ್ಕೂ ಇಳಿದು ಬಂದಿವೆ, ಹೀಗಾಗಿ ಇಲ್ಲಿನ ಜಮೀನ್ದಾರರು ಲಂಡನ್ನಿನ ಕೆಲವು ವ್ಯಾಪಾರಿ ಸಂಸ್ಥೆಗಳಿಗೆ ಸೇರಿದ ಒಂದು ಬಗೆಯ ಸ್ವತ್ತಾಗಿದ್ದಾರೆ ಎಂಬುದು ಅದರ ಭಾವ. ಇದು ಬರೆಯಬಲ್ಲವನ ವಾಕ್ಯ, ಅದರ ನೋವು ನಟನೆಯಲ್ಲ. ಆದರೆ ಅದನ್ನು ಬರೆದ ಕೈಗೆ ಸ್ವತ್ತಾದ ಮನುಷ್ಯರೆಂದರೆ ಏನೆಂಬುದು ಉಪಮೆಯಾಗಿ ಗೊತ್ತಿದ್ದ ವಿಷಯವಲ್ಲ. ಮಾವನ ಆಸ್ತಿಯಲ್ಲಿ ಸಾಲದ ಜೊತೆಗೇ ಅವರಿಗೆ 135 ಜನ ಗುಲಾಮರು ಬಂದಿದ್ದರು.

ಕಾನೂನು ಈ ವಿಷಯದಲ್ಲಿ ಮುಚ್ಚುಮರೆಯಿಲ್ಲದೆ ಮಾತಾಡುತ್ತದೆ. ವರ್ಜೀನಿಯಾದ 1705ರ ಕಾಯಿದೆ ವಾರಸಿಕೆಯ ಮಟ್ಟಿಗೆ ಗುಲಾಮರನ್ನು ಸ್ಥಿರಾಸ್ತಿಯೆಂದು ಕರೆದರೂ, ಸಾಲ ವಸೂಲಿಗೆ ಮಾತ್ರ ಅವರನ್ನು ಉಳಿದ ಚರಾಸ್ತಿಯಂತೆ ಜಪ್ತಿ ಮಾಡಲು ಬಿಟ್ಟಿತ್ತು. 1732ರ ಬ್ರಿಟಿಷ್ ಶಾಸನ ವಸಾಹತುಗಳ ಜಮೀನು, ಮನೆ, ಗುಲಾಮರು ಮೂರನ್ನೂ ಸಾಲಕ್ಕೆ ಹೊಣೆಯಾಗಿಸಿತು. ಒಡೆಯನಿಗೆ ಒಳ್ಳೆಯ ಬುದ್ಧಿ ಬಂದು ಯಾರನ್ನಾದರೂ ಬಿಡುಗಡೆ ಮಾಡಿದರೂ, ಆ ಮೊದಲು ಅವನು ಮಾಡಿದ್ದ ಸಾಲಕ್ಕಾಗಿ ಬಿಡುಗಡೆಯಾದವರನ್ನೇ ಎಳೆದೊಯ್ಯಬಹುದೆಂದು 1792ರ ವರ್ಜೀನಿಯಾದ ಕಾನೂನು ಹೇಳಿತು. ಸಾಲಕ್ಕೆ ಮನುಷ್ಯರು ಹೊಣೆಯಾಗುವ ಮಾತು ಬಂದಾಗ ಕನ್ನಡದ ಓದುಗರಿಗೆ ಜೀತ ನೆನಪಾಗುವುದು ಸಹಜ. ಜೀತದಲ್ಲಿ ಸಾಲ ಪಡೆದವನೋ ಅವನ ಮಕ್ಕಳೋ ದುಡಿದು ಸವೆಯುತ್ತಿದ್ದರು. ಇಲ್ಲಿ ಸಾಲ ಪಡೆದವನ ವೈನು, ಪುಸ್ತಕ, ಬೀಗತನಗಳ ಬೆಲೆಗೆ ಒತ್ತೆಯಾದವರು ಆ ಸಾಲದ ಒಂದು ಕಾಸನ್ನೂ ಮುಟ್ಟದ ಬೇರೆಯವರು.

1787ರಲ್ಲಿ ಪ್ಯಾರಿಸ್ಸಿನಿಂದ ತಮ್ಮ ಎಸ್ಟೇಟು ನೋಡಿಕೊಳ್ಳುತ್ತಿದ್ದ ನಿಕೋಲಸ್ ಲೂಯಿಸ್ ಅವರಿಗೆ ಬರೆದ ಪತ್ರದಲ್ಲಿ ಜೆಫರ್ಸನ್, ಯಾರಿಗೂ ಒಂದು ಶಿಲ್ಲಿಂಗನ್ನೂ ಕೊಡಬೇಕಾಗಿಲ್ಲದ ಗಳಿಗೆ ಬರುವವರೆಗಿನ ಯಾತನೆ ಬದುಕನ್ನೇ ಬೇಡವಾಗಿಸುವಂಥದ್ದು ಎಂದರು. ಅದೇ ಪತ್ರದಲ್ಲಿ, ದುಡಿಮೆಯಿಂದ ಸಾಲ ತೀರುವ ಆಸೆಯಿರುವವರೆಗೆ ಗುಲಾಮರನ್ನು ಮಾರಲು ತಮಗೆ ಮನಸ್ಸಿಲ್ಲವೆಂದೂ ಬರೆದರು. ಇದನ್ನು ಕರುಣೆಯೆಂದು ಓದುವವರಿದ್ದಾರೆ. ನನಗೆ ಇದರಲ್ಲಿ ಕಾಣುವುದು ಸಾಲಗಾರನ ಲೆಕ್ಕ: ಮೊದಲು ಅವರ ದುಡಿಮೆ, ಅದು ಸಾಲದಿದ್ದರೆ ಅವರೇ. ಮುಂದಿನ ವರ್ಷಗಳಲ್ಲಿ ಅವರು ಸಾಲಕ್ಕಾಗಿ ಗುಲಾಮರನ್ನು ಮಾರಿದರು ಕೂಡ. 1789ರ ಸೆಪ್ಟೆಂಬರಿನಲ್ಲಿ ಗೆಳೆಯ ಜೇಮ್ಸ್ ಮ್ಯಾಡಿಸನ್ನರಿಗೆ ಬರೆದ ಪ್ರಸಿದ್ಧ ಪತ್ರದಲ್ಲಿ ಈ ಭೂಮಿಯ ಅನುಭೋಗ ಬದುಕಿರುವವರದು, ಒಂದು ತಲೆಮಾರು ತನ್ನ ಸಾಲವನ್ನು ಮುಂದಿನ ತಲೆಮಾರಿಗೆ ಹೊರಿಸಬಾರದು ಎಂದು ವಾದಿಸಿದವರೂ ಇವರೇ. ಮಾವನ ಸಾಲದ ಹೊರೆ ಹೊತ್ತವನಿಗೆ ಆ ವಿಚಾರ ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ.

ಪುಸ್ತಕದ ಹುಚ್ಚಿನ ವಿಷಯದಲ್ಲಿ ಮಾತ್ರ ನಾನು ಅವರನ್ನು ಟೀಕಿಸಲಾರೆ. 1815ರಲ್ಲಿ ತಮ್ಮ 6,487 ಸಂಪುಟಗಳ ಗ್ರಂಥಾಲಯವನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ 23,950 ಡಾಲರಿಗೆ ಮಾರಿ ಸಾಲಕ್ಕೆ ಕಟ್ಟಿದವರು, ಕೂಡಲೇ ಮತ್ತೆ ಪುಸ್ತಕ ಕೊಳ್ಳತೊಡಗಿದರು.

1826ರ ಜುಲೈ 4ರಂದು ಅವರು ತೀರಿಕೊಂಡಾಗ ಸಾಲ 1,07,000 ಡಾಲರನ್ನು ದಾಟಿತ್ತು. ಆಸ್ತಿಯನ್ನು ಲಾಟರಿ ಹಾಕಿ ಸಾಲ ತೀರಿಸಲು ವರ್ಜೀನಿಯಾದ ಶಾಸನಸಭೆ ಕೊಟ್ಟ ಅನುಮತಿಯಿಂದ ಏನೂ ಗಿಟ್ಟಲಿಲ್ಲ. 1827ರ ಜನವರಿಯಲ್ಲಿ ಮಾಂಟಿಸೆಲ್ಲೊದಲ್ಲಿ ಹರಾಜು ನಡೆಯಿತು. ಜಾಹೀರಾತಿನಲ್ಲಿ ಪೀಠೋಪಕರಣ, ದನಕರು, ದವಸಗಳ ಜೊತೆ 130 ಜನ ಗುಲಾಮರು. ಉಯಿಲಿನಲ್ಲಿ ಜೆಫರ್ಸನ್ ಬಿಡುಗಡೆ ಮಾಡಿದ್ದು ಐವರನ್ನು. ಅವರಲ್ಲೊಬ್ಬರು ಕಮ್ಮಾರ ಜೋಸೆಫ್ ಫಾಸೆಟ್. ಅವರ ಬಿಡುಗಡೆ ಜಾರಿಗೆ ಬರಬೇಕಾಗಿದ್ದದ್ದು ಆ ವರ್ಷದ ಜುಲೈಯಲ್ಲಿ. ಹೆಂಡತಿ ಈಡಿತ್ ಮತ್ತು ಮಕ್ಕಳ ಹೆಸರು ಉಯಿಲಿನಲ್ಲಿರಲಿಲ್ಲ, ಅವರು ಹರಾಜಿಗೆ ಹೋದರು. ಈಡಿತ್ ಅಧ್ಯಕ್ಷರ ಭವನದಲ್ಲಿ ಫ್ರೆಂಚ್ ಅಡುಗೆ ಕಲಿತು, ಆಮೇಲೆ ಮಾಂಟಿಸೆಲ್ಲೊದ ಅತಿಥಿಗಳಿಗೆ ವರ್ಷಗಟ್ಟಲೆ ಅಡುಗೆ ಮಾಡಿದವರು. ಬಂಧುವೊಬ್ಬರ ನೆರವಿನಿಂದ ಜೋಸೆಫ್ ಹೆಂಡತಿಯನ್ನೂ ಕೆಲವು ಮಕ್ಕಳನ್ನೂ ಬಿಡಿಸಿಕೊಂಡರು. ಹನ್ನೊಂದು ವರ್ಷದ ಮಗ ಪೀಟರನನ್ನು ಕೊಂಡವನು ಮರಳಿ ಮಾರಲು ಒಪ್ಪಲಿಲ್ಲ. ಅವನು ದಶಕಗಳ ಕಾಲ ಗುಲಾಮಗಿರಿಯಲ್ಲಿಯೇ ಉಳಿದ. ಬಿಡುಗಡೆಯ ನಂತರ ಪೀಟರ್ ಫಾಸೆಟ್ ಸಿನ್ಸಿನಾಟಿಯಲ್ಲಿ ಅಡುಗೆ ಗುತ್ತಿಗೆದಾರರಾಗಿ, ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿಯಾಗಿ ಹೆಸರು ಮಾಡಿದರು. ತಮ್ಮ ಎಂಬತ್ತೈದರ ಆಸುಪಾಸಿನಲ್ಲಿ, 1900ರಲ್ಲಿ, ಅವರು ಮಾಂಟಿಸೆಲ್ಲೊ ನೋಡಲು ಮರಳಿ ಬಂದರು. ಆ ಹೊತ್ತಿಗೆ ಮನೆ ಜೆಫರ್ಸನ್ ವಂಶದವರ ಕೈಬಿಟ್ಟು ಸುಮಾರು ಎಪ್ಪತ್ತು ವರ್ಷವಾಗಿತ್ತು.