ಹೊರಗಿನವರು ಬಾರದ ಕನ್ಸೋಲ್ ಎಷ್ಟು ದಿನ ನಡೆಯುತ್ತೆ?

ಗೇಮ್ ಆಡಲೆಂದೇ ಇರುವ ಮಷಿನ್, ಅಂದರೆ ಕನ್ಸೋಲ್ ಬಗ್ಗೆ ಮಾತು ಶುರುವಾದರೆ ಸಾಕು, ಜಗಳ ಬಂದು ನಿಲ್ಲುವುದು ಒಂದೇ ಕಂಪನಿಯ ಕನ್ಸೋಲ್‌ನಲ್ಲಿ ಸಿಗುವ ಎಕ್ಸ್‌ಕ್ಲೂಸಿವ್ ಗೇಮ್‌ಗಳ ಮೇಲೆ. ಸೋನಿಯಲ್ಲಿ ಗಾಡ್ ಆಫ್ ವಾರ್ ಇದೆ, ನಿಂಟೆಂಡೋದಲ್ಲಿ ಮಾರಿಯೋ ಇದ್ದಾನೆ, ನಿಮ್ಮದರಲ್ಲಿ ಏನಿದೆ ಅಂತ. ಆ ಗೇಮ್‌ಗಳು ನನಗೂ ಇಷ್ಟವೇ. ಆದರೆ ಒಂದು ಕನ್ಸೋಲ್ ಉಳಿಯುತ್ತಾ ಮುಳುಗುತ್ತಾ ಅನ್ನುವುದು ಬಹುಪಾಲು ನಿಂತಿರುವುದು ಹೊರಗಿನ ಕಂಪನಿಗಳ ಗೇಮ್‌ಗಳ ಮೇಲೆ, ಅಂದರೆ ಥರ್ಡ್ ಪಾರ್ಟಿ ಗೇಮ್‌ಗಳ ಮೇಲೆ. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ.

ನಿಂಟೆಂಡೋ 64ರ ಕಥೆಯನ್ನೇ ತಗೊಳ್ಳಿ. ಅದು ಬಂದದ್ದು 1996ರಲ್ಲಿ. ಸೋನಿಯ ಮೊದಲ ಪ್ಲೇಸ್ಟೇಷನ್ ಜಪಾನಿನಲ್ಲಿ ಬಂದು ಆಗ ಒಂದೂವರೆ ವರ್ಷವಾಗಿತ್ತು ಅಷ್ಟೇ. ಕನ್ಸೋಲ್ ವ್ಯಾಪಾರಕ್ಕೆ ಸೋನಿ ಹೊಸದು, ನಿಂಟೆಂಡೋ ಹಳೇ ಹುಲಿ. ಆದರೆ ನಿಂಟೆಂಡೋ ಸಿಡಿ ಬೇಡ ಅಂತ ಕಾರ್ಟ್ರಿಜ್‌ಗೇ, ಅಂದರೆ ಗೇಮ್ ತುಂಬಿದ ಚಿಪ್ ಇರುವ ಪ್ಲಾಸ್ಟಿಕ್ ಡಬ್ಬಿಗೇ, ಅಂಟಿಕೊಂಡಿತು. ಅದಕ್ಕೆ ಕಾರಣವೂ ಇತ್ತು. ಗೇಮ್ ಲೋಡ್ ಆಗಲು ಕಾಯಬೇಕಿಲ್ಲ, ನಕಲಿ ಮಾಡುವುದೂ ಕಷ್ಟ. ಆಡುವವರಿಗೆ ಚೆನ್ನಾಗಿತ್ತು. ಗೇಮ್ ಮಾಡುವವರ ಪಾಡೇನು?

ಸೂಪರ್ ಮಾರಿಯೋ 64 ಕುಳಿತಿದ್ದು 8 ಎಂಬಿ ಕಾರ್ಟ್ರಿಜ್‌ನಲ್ಲಿ. ಮುಂದೆ ಬಂದ ಅತಿ ದೊಡ್ಡ ಕಾರ್ಟ್ರಿಜ್ ಅಂದರೂ 64 ಎಂಬಿ. ಒಂದು ಸಿಡಿಯಲ್ಲಿ ಸುಮಾರು 650 ಎಂಬಿ ಜಾಗ! ದುಡ್ಡಿನ ಲೆಕ್ಕ ಇನ್ನೂ ಕಷ್ಟದ್ದು. ಕಾರ್ಟ್ರಿಜ್‌ಗಳನ್ನು ನಿಂಟೆಂಡೋ ಮೂಲಕವೇ ಮಾಡಿಸಬೇಕು, ಹಣ ಮುಂಗಡ ಕೊಡಬೇಕು, ಮಾಲು ಕೈಗೆ ಬರಲು ವಾರಗಟ್ಟಲೆ ಕಾಯಬೇಕು. ಜಾಸ್ತಿ ಮಾಡಿಸಿದರೆ ಮಾರಾಟವಾಗದ ಮಾಲು ತಲೆ ಮೇಲೆ. ಕಡಿಮೆ ಮಾಡಿಸಿದರೆ ಗೇಮ್ ಓಡುವ ಹೊತ್ತಿಗೆ ಅಂಗಡಿಯಲ್ಲಿ ಸ್ಟಾಕ್ ಇಲ್ಲ. ಸಿಡಿಯಾದರೆ ಒಂದೆರಡು ಡಾಲರ್‌ನಲ್ಲಿ ತಯಾರಾಗುತ್ತಿತ್ತು, ಮುಗಿದರೆ ಬೇಗ ಮತ್ತೆ ಮಾಡಿಸಬಹುದಿತ್ತು.

ಹೀಗಿರುವಾಗ ಹೊರಗಿನವರು ಏನು ಮಾಡುತ್ತಾರೆ? ಎದ್ದು ಹೋಗುತ್ತಾರೆ. ಫೈನಲ್ ಫ್ಯಾಂಟಸಿಯ ಮೊದಲ ಆರು ಭಾಗಗಳನ್ನೂ, 1987ರಿಂದ 1994ರವರೆಗೆ, ಸ್ಕ್ವೇರ್ ಕಂಪನಿ ತಂದದ್ದು ನಿಂಟೆಂಡೋ ಮಷಿನ್‌ಗಳಿಗೇ. ಏಳನೆಯದು ಮಾತ್ರ 1997ರ ಜನವರಿಯಲ್ಲಿ ಮೂರು ಸಿಡಿಗಳಾಗಿ ಪ್ಲೇಸ್ಟೇಷನ್‌ಗೆ ಬಂತು. ಅದರ ಹಿಂದೆಯೇ ಎನಿಕ್ಸ್ ತನ್ನ ಡ್ರ್ಯಾಗನ್ ಕ್ವೆಸ್ಟ್ ಜೊತೆ ಅದೇ ದಾರಿ ಹಿಡಿಯಿತು. ಜಪಾನಿನಲ್ಲಿ ಈ ಎರಡು ಹೆಸರು ಹೋದ ಮೇಲೆ ಆಟ ಅರ್ಧ ಮುಗಿದ ಹಾಗೆ.

ಉಳಿದುಕೊಂಡವರು ಪಟ್ಟ ಪಾಡೂ ಕಡಿಮೆಯದಲ್ಲ. ಎರಡು ಸಿಡಿಯಷ್ಟಿದ್ದ ರೆಸಿಡೆಂಟ್ ಈವಿಲ್ 2ನ್ನು 1999ರಲ್ಲಿ ಏಂಜಲ್ ಸ್ಟುಡಿಯೋಸ್‌ನವರು 64 ಎಂಬಿಗೆ ಇಳಿಸಿದರು, ವಿಡಿಯೋಗಳನ್ನೂ ಬಿಡದೆ. ಆ ಕೆಲಸಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಪ್ರತಿ ಸ್ಟುಡಿಯೋನೂ ಇಷ್ಟು ಒದ್ದಾಡಲಿ ಅಂತ ಕೇಳುವುದು ನ್ಯಾಯ ಅಲ್ಲ, ಅಲ್ವಾ?

ಸೋನಿ ಇದಕ್ಕೆ ತದ್ವಿರುದ್ಧ. ಸ್ವಂತ ಗೇಮ್‌ಗಳ ಬಲ ಆಗ ಅದಕ್ಕೆ ಇರಲೇ ಇಲ್ಲ, ಹಾಗಾಗಿ ಹೊರಗಿನವರನ್ನು ಕರೆದು ಕೂರಿಸಿತು. ಮಾಮೂಲಿ ಪಿಸಿಯಲ್ಲೇ ಗೇಮ್ ಬರೆಯುವಂತಹ ಡೆವಲಪ್‌ಮೆಂಟ್ ಕಿಟ್ ಕೊಟ್ಟಿತು. ಮೊದಲ ದಿನವೇ ನ್ಯಾಮ್ಕೋದ ರಿಡ್ಜ್ ರೇಸರ್ ಇತ್ತು. ಕೊನೆಗೆ ಪ್ಲೇಸ್ಟೇಷನ್ ಮಾರಾಟ 10 ಕೋಟಿ ದಾಟಿತು, ನಿಂಟೆಂಡೋ 64 ಸುಮಾರು 3.3 ಕೋಟಿಗೆ ನಿಂತಿತು. ಓಕರೀನಾ ಆಫ್ ಟೈಮ್, ಗೋಲ್ಡನ್‌ಐನಂತಹ ಗೇಮ್‌ಗಳಿದ್ದೂ ಇದು ಗತಿ.

ನಮ್ಮ ಕಡೆಗೇ ಬನ್ನಿ. ಗಂಟೆಗೆ ಇಷ್ಟು ಅಂತ ಕೊಟ್ಟು ಗೇಮ್ ಪಾರ್ಲರ್‌ನಲ್ಲಿ ಪಿಎಸ್2 (ಸೋನಿಯ ಎರಡನೇ ಪ್ಲೇಸ್ಟೇಷನ್) ಆಡಿದವರಿಗೆ ಮೊದಲು ನೆನಪಾಗುವುದು ಯಾವುದು? ಜಿಟಿಎ ಸ್ಯಾನ್ ಆಂಡ್ರಿಯಾಸ್, ಸ್ಮ್ಯಾಕ್‌ಡೌನ್ ಹಿಯರ್ ಕಮ್ಸ್ ದಿ ಪೇನ್, ಕ್ರಿಕೆಟ್ 07. ಒಂದೂ ಸೋನಿ ಮಾಡಿದ್ದಲ್ಲ. ರಾಕ್‌ಸ್ಟಾರ್, ಟಿಎಚ್‌ಕ್ಯೂ, ಇಎ ಇವರದ್ದು. ಕಂಟ್ರೋಲರ್‌ಗಾಗಿ ನಾವು ಕಿತ್ತಾಡಿದ್ದು ಅವರ ಗೇಮ್‌ಗಳಿಗೋಸ್ಕರ.

ನಿಂಟೆಂಡೋದ್ದೇ ಇನ್ನೊಂದು ಕನ್ಸೋಲ್ 'ವೀ' ಇತ್ತಲ್ಲ, ಅದು ಹೊರಗಿನವರ ದೊಡ್ಡ ಗೇಮ್‌ಗಳಿಲ್ಲದೆಯೂ 10 ಕೋಟಿ ದಾಟಲಿಲ್ಲವೇ ಅಂತ ಕೇಳುವವರಿದ್ದಾರೆ. ನಿಜ. ರಿಮೋಟ್ ಬೀಸಿ ಆಡುವ ಹೊಸತನ ಅಜ್ಜಿ ತಾತಂದಿರನ್ನೂ ಎಬ್ಬಿಸಿತ್ತು. ಆದರೆ ಆ ಹೊಸತನ ಹಳತಾದ ಮೇಲೆ ಏನಾಯಿತು ಅನ್ನುವುದನ್ನೂ ನೋಡಬೇಕು. ಅದರ ಮುಂದಿನದಾಗಿ 2012ರಲ್ಲಿ ಬಂದ 'ವೀ ಯು' 1.36 ಕೋಟಿಗೆ ಮುಗಿಯಿತು. ಹೆಸರು ಗೊಂದಲದ್ದು, ಶಕ್ತಿ ಕಡಿಮೆ, ಒಪ್ಪುತ್ತೇನೆ. ಹೊರಗಿನವರು ಕೈ ಬಿಟ್ಟ ರೀತಿಯಂತೂ ನನಗೆ ಇವತ್ತಿಗೂ ಬೇಜಾರು. ಮಾಸ್ ಎಫೆಕ್ಟ್ 3 ಒಂದನ್ನೇ 'ವೀ ಯು'ಗೆ 60 ಡಾಲರ್‌ಗೆ ಮಾರಿದರು. ಅದೇ ತಿಂಗಳು ಮೈಕ್ರೋಸಾಫ್ಟ್‌ನ ಕನ್ಸೋಲ್ ಎಕ್ಸ್‌ಬಾಕ್ಸ್‌ನಲ್ಲಿ ಮೂರೂ ಭಾಗ ಸೇರಿಸಿ 60 ಡಾಲರ್! ಯಾರು ಕೊಳ್ಳುತ್ತಾರೆ? ಮುಂದಿನ ವರ್ಷ ಫಿಫಾ 14 'ವೀ ಯು'ಗೆ ಬರಲೇ ಇಲ್ಲ. 'ವೀ ಯು'ಗೆ ಮಾತ್ರ ಅಂತ ಹೇಳಿದ್ದ ರೇಮನ್ ಲೆಜೆಂಡ್ಸನ್ನು ಯೂಬಿಸಾಫ್ಟ್ ಬಿಡುಗಡೆಗೆ ಕೆಲವೇ ವಾರ ಇರುವಾಗ ಮುಂದಕ್ಕೆ ಹಾಕಿ, ಎಲ್ಲ ಕನ್ಸೋಲ್‌ಗಳಿಗೂ ತಂದಿತು. ಕನ್ಸೋಲ್ ಮಾರಾಟವಾಗುತ್ತಿಲ್ಲ ಅಂತ ಗೇಮ್ ಬರುವುದಿಲ್ಲ, ಗೇಮ್ ಬರುವುದಿಲ್ಲ ಅಂತ ಕನ್ಸೋಲ್ ಮಾರಾಟವಾಗುವುದಿಲ್ಲ.

ಮಾರಿಯೋ ಕಾರ್ಟ್ 8 'ವೀ ಯು'ನಲ್ಲಿ ಮಾರಾಟವಾದದ್ದು ಸುಮಾರು 85 ಲಕ್ಷ. ಅದೇ ಗೇಮ್ ಡೀಲಕ್ಸ್ ಆಗಿ 2017ರಲ್ಲಿ ನಿಂಟೆಂಡೋದ ಮುಂದಿನ ಕನ್ಸೋಲ್ ಸ್ವಿಚ್‌ಗೆ ಬಂದು 6 ಕೋಟಿ ದಾಟಿತು. ಗೇಮ್ ಹೆಚ್ಚುಕಡಿಮೆ ಅದೇ, ಬದಲಾದದ್ದು ಮಷಿನ್. ಸ್ವಿಚ್‌ಗೆ ಯೂನಿಟಿ, ಅನ್‌ರಿಯಲ್ ಎಂಜಿನ್‌ಗಳು (ಗೇಮ್ ಕಟ್ಟಲು ಬಳಸುವ ಸಿದ್ಧ ಸಾಫ್ಟ್‌ವೇರ್‌ಗಳು) ಮೊದಲಿಂದಲೇ ಸಿಕ್ಕವು. ಹಾಗಾಗಿ ಚಿಕ್ಕ ತಂಡಗಳಿಗೂ ಬಾಗಿಲು ತೆರೆಯಿತು. ಸ್ಟಾರ್‌ಡ್ಯೂ ವ್ಯಾಲಿ, ಹಾಲೋ ನೈಟ್‌ನಂತಹ ಗೇಮ್‌ಗಳನ್ನು ಬಸ್ಸಿನಲ್ಲೋ ಹಾಸಿಗೆಯಲ್ಲೋ ಆಡಬಹುದು ಅಂತಲೇ ಸ್ವಿಚ್ ಕೊಂಡವರು ಕಡಿಮೆಯಿಲ್ಲ.

ಈಗ ಸ್ವಿಚ್ 2 ಬಂದಿದೆ, ನನ್ನ ತಕರಾರು ಇರುವುದು ಇಲ್ಲೇ. ಸೈಬರ್‌ಪಂಕ್ 2077 ಪೂರ್ತಿಯಾಗಿ 64 ಜಿಬಿ ಕಾರ್ಡ್‌ನಲ್ಲೇ ಬಂತು, ಸಂತೋಷ. ಆದರೆ ಸ್ಟ್ರೀಟ್ ಫೈಟರ್ 6 ಸೇರಿದಂತೆ ಹೊರಗಿನವರ ಎಷ್ಟೋ ಗೇಮ್‌ಗಳು ಬಂದದ್ದು ಬರೀ ಕೀ ಕಾರ್ಡ್ ಆಗಿ. ಕಾರ್ಡ್ ಕೊಂಡರೂ ಒಳಗೆ ಗೇಮ್ ಇಲ್ಲ, ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕು. ನಿಂಟೆಂಡೋದ್ದೇ ಆದ ಮಾರಿಯೋ ಕಾರ್ಟ್ ವರ್ಲ್ಡ್ ನೋಡಿದರೆ ಕಾರ್ಡ್‌ನಲ್ಲೇ ಪೂರ್ತಿ ಇದೆ. 64 ಎಂಬಿ ಕಾಲದ ತಾಪತ್ರಯವೇ ಇನ್ನೊಂದು ರೂಪದಲ್ಲಿ ಬಂದಿದೆ ಅಂತ ನನಗನ್ನಿಸುತ್ತದೆ. 16, 32 ಜಿಬಿ ಕಾರ್ಡ್‌ಗಳನ್ನು ನಿಂಟೆಂಡೋ ಕೈಗೆಟುಕುವ ಬೆಲೆಗೆ ಹೊರಗಿನವರಿಗೆ ಕೊಡಲಿ. ಅದರಿಂದ ತನ್ನ ಲಾಭ ಸ್ವಲ್ಪ ಇಳಿದರೂ ಪರವಾಗಿಲ್ಲ, ಕೊಡಲೇಬೇಕು.